ಸುಸ್ಟೆನ್, ಗ್ರಿಮ್ಸೆಲ್, ಫುರ್ಕಾ: ಮೂರು ಘಟ್ಟಗಳನ್ನು ಒಂದೇ ದಿನ ಸೈಕಲ್ಲಿನಲ್ಲಿ ಹತ್ತಬಹುದೇ?

ನಂದಿತಪ್ಪಲು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸ್ವಿಟ್ಜರ್‌ಲೆಂಡಿನ ಲ್ಯೂಸರ್ನ್‌ನಲ್ಲಿ ನೆಲೆಸಿದ್ದಾಳೆ. ಜೂನ್ ಕೊನೆಯ ವಾರ ಅವಳ ಮನೆಗೆ ಹೋಗುವ ಅವಕಾಶ ಒದಗಿ ಬಂದಿದ್ದು, ಅದರಲ್ಲಿ ಆರು ದಿನಗಳನ್ನು ಸೈಕಲ್ಲಿಗೆಂದೇ ಮೀಸಲಿಟ್ಟಿದ್ದೇನೆ. ನನಗೆ 46 ವರ್ಷ. ಬೆಂಗಳೂರಿನಲ್ಲಿ ಹತ್ತು ವರ್ಷಗಳಿಂದ ರೋಡ್ ಬೈಕ್ ಓಡಿಸುತ್ತಿದ್ದೇನೆ ಮತ್ತು ತಿಂಗಳಿಗೆ ಮೂರು ಸಲವಾದರೂ ನಂದಿಬೆಟ್ಟ ಹತ್ತುತ್ತೇನೆ. ಬುಡದಿಂದ ಮೇಲಿನವರೆಗೆ ಸುಮಾರು ಏಳೂವರೆ ಕಿಲೋಮೀಟರ್, 450 ಮೀಟರ್ ಏರು. ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಹಾಕಿಕೊಂಡಿರುವ ಯೋಜನೆ ಹೀಗಿದೆ. ಮೊದಲ ದಿನ ಲ್ಯೂಸರ್ನ್ ಸರೋವರವನ್ನು ದಡದಗುಂಟ ಒಂದು ಸುತ್ತು ಹಾಕಿ ಕಾಲು ಸಡಿಲ ಮಾಡಿಕೊಳ್ಳುವುದು. ಎರಡನೆಯ ದಿನ ಆಂಡರ್ಮಾಟ್‌ನಿಂದ ಹೊರಟು ಸುಸ್ಟೆನ್, ಗ್ರಿಮ್ಸೆಲ್, ಫುರ್ಕಾ ಮೂರೂ ಘಟ್ಟಗಳನ್ನು ದಾಟಿ ಸಂಜೆಗೆ ಅಲ್ಲಿಗೇ ಮರಳುವುದು. ಮೂರನೆಯ ದಿನ ಬ್ರೀನ್ಸ್ ಸರೋವರದ ದಡದಲ್ಲಿ ಮತ್ತೆ ವಿಶ್ರಾಂತಿಯ ಸವಾರಿ. ನಾಲ್ಕನೆಯ ದಿನ ಕ್ಲೌಸೆನ್ ಘಟ್ಟ, ಐದನೆಯ ದಿನ ಗೊಥಾರ್ಡ್ ಘಟ್ಟದ ಹಳೆಯ ಟ್ರೆಮೋಲಾ ರಸ್ತೆ, ಆರನೆಯ ದಿನ ಪ್ರಾಗೆಲ್ ಘಟ್ಟ.

ನನ್ನ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34 ಹಲ್ಲುಗಳ ಚೈನ್‌ರಿಂಗ್‌ಗಳಿವೆ (ಪೆಡಲಿನ ಬಳಿಯ ಹಲ್ಲುಚಕ್ರಗಳು), ಹಿಂದೆ ದೊಡ್ಡ ಗೇರು 28 ಹಲ್ಲಿನದು. ಮೂರು ಘಟ್ಟಗಳ ಸುತ್ತು ನನ್ನಂಥವನಿಗೆ ಸಾಧ್ಯವೇ? ಯಾವ ದಿಕ್ಕಿನಲ್ಲಿ ಸುತ್ತಬೇಕು? ಸರೋವರದ ಎರಡು ದಿನಗಳ ವಿಶ್ರಾಂತಿ ಸಾಕಾಗುತ್ತದೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಲ್ಯೂಸರ್ನ್ ಕನ್ನಡತಿ

ಸ್ವಾಗತ ಸರ್. ಘಟ್ಟಗಳ ವಿಷಯವನ್ನು ಬೇರೆಯವರು ಹೇಳುತ್ತಾರೆ. ನಿಮ್ಮ ಮೊದಲ ದಿನದ ಬಗ್ಗೆಯೇ ನನಗೆ ಹೆಚ್ಚು ಆತಂಕವಿದೆ. ನಕ್ಷೆಯಲ್ಲಿ ನೋಡಿದರೆ ಈ ಸರೋವರದ ಆಕಾರ ಕೈಕಾಲು ಚಾಚಿದಂತಿದೆ. ಇದರ ದಡಕ್ಕೆ ಒಂದೇ ಸುತ್ತಾಗಿ ರಸ್ತೆಯಿಲ್ಲ, ಎಷ್ಟೋ ಕಡೆ ಬಂಡೆ ನೇರವಾಗಿ ನೀರಿಗೆ ಇಳಿಯುತ್ತದೆ.

ಪೂರ್ವದ ದಡದಲ್ಲಿ ಬ್ರುನ್ನೆನ್‌ನಿಂದ ಫ್ಲುಎಲೆನ್‌ವರೆಗೆ ಹೋಗುವುದು ಆಕ್ಸೆನ್ ರಸ್ತೆ. 1865ರಲ್ಲಿ ಬಂಡೆ ಕಡಿದು ಮುಗಿಸಿದ ಈ ದಾರಿ ಚಿತ್ರದಲ್ಲಿ ಬಹಳ ಸುಂದರವಾಗಿ ಕಾಣುತ್ತದೆ. ಆದರೆ ಉತ್ತರ–ದಕ್ಷಿಣ ಓಡಾಡುವ ಲಾರಿಗಳೂ ಕಾರುಗಳೂ ಇದೇ ಇಕ್ಕಟ್ಟಾದ ರಸ್ತೆಯಲ್ಲಿ ಸುರಂಗಗಳ ಮೂಲಕ ಸಾಗುತ್ತವೆ. 2019ರ ಬೇಸಿಗೆಯಲ್ಲಿ ಬಂಡೆ ಉರುಳುವ ಭಯದಿಂದ ವಾರಗಟ್ಟಲೆ ಮುಚ್ಚಿಯೇ ಇತ್ತು. ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಒಂದೇ ಒಂದು ಸಲ ಆ ರಸ್ತೆಯಲ್ಲಿ ಸೈಕಲ್ ಹೊಡೆದಿದ್ದೇನೆ. ಸುರಂಗದೊಳಗೆ ಹಿಂದಿನಿಂದ ಲಾರಿ ಬರುವ ಸದ್ದು ಗೋಡೆಗಳಿಗೆ ಬಡಿದು ನಾಲ್ಕು ಪಟ್ಟಾಗುತ್ತದೆ, ಅದು ಎಷ್ಟು ಹತ್ತಿರದಲ್ಲಿದೆ ಎಂದೇ ತಿಳಿಯುವುದಿಲ್ಲ. ಆ ದಿನದ ಬಳಿಕ ಬ್ರುನ್ನೆನ್‌ನಲ್ಲಿ ಸೈಕಲ್ಲನ್ನು ದೋಣಿಗೆ ಹಾಕಿ ಫ್ಲುಎಲೆನ್‌ನಲ್ಲಿ ಇಳಿಯುತ್ತೇನೆ.

ನೀವು ಹೀಗೆ ಮಾಡಬಹುದು: ಲ್ಯೂಸರ್ನ್‌ನಿಂದ ಸ್ಟಾನ್ಸ್ ಮಾರ್ಗವಾಗಿ ಬೆಕೆನ್‌ರೀಡ್‌ಗೆ ಬಂದು, ಅಲ್ಲಿಂದ ಕಾರುಗಳನ್ನೂ ಸಾಗಿಸುವ ದೋಣಿಯಲ್ಲಿ ಎದುರು ದಡದ ಗೆರ್ಸಾವ್‌ಗೆ ದಾಟಿ, ಬ್ರುನ್ನೆನ್‌ವರೆಗೆ ಸೈಕಲ್ಲಿನಲ್ಲಿ ಹೋಗಿ, ಉಳಿದದ್ದನ್ನು ಮತ್ತೆ ನೀರಿನ ಮೇಲೆ ಕ್ರಮಿಸುವುದು.

ಘಟ್ಟದವನು

ಮೂರು ಘಟ್ಟಗಳನ್ನು ಒಂದೇ ದಿನ, ಅದೂ ಪ್ರವಾಸದ ಎರಡನೆಯ ದಿನವೇ ಮಾಡುವುದು ಬೇಡ.

ಲೆಕ್ಕದ ಮೇಷ್ಟ್ರು

ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕ ಹಾಕಿ ನೋಡೋಣ. ಆಂಡರ್ಮಾಟ್ 1447 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 916 ಮೀಟರಿನ ವಾಸೆನ್‌ಗೆ ಇಳಿಯಬೇಕು. ಸುಸ್ಟೆನ್‌ನ ರಸ್ತೆ 2224 ಮೀಟರಿಗೆ ಏರುತ್ತದೆ, ಅಂದರೆ 1308 ಮೀಟರ್ ಹತ್ತುವುದು. ಅಲ್ಲಿಂದ ಇನರ್ಟ್‌ಕಿರ್ಷೆನ್‌ಗೆ, 625 ಮೀಟರಿಗೆ ಇಳಿದು, 2164 ಮೀಟರಿನ ಗ್ರಿಮ್ಸೆಲ್‌ಗೆ ಮತ್ತೆ 1539 ಮೀಟರ್ ಹತ್ತುವುದು. ಗ್ಲೆಚ್‌ಗೆ ಇಳಿದರೆ 1757 ಮೀಟರ್, ಅಲ್ಲಿಂದ 2429 ಮೀಟರಿನ ಫುರ್ಕಾಗೆ 672 ಮೀಟರ್. ಒಟ್ಟು 3519 ಮೀಟರ್ ಏರು, ಸುಮಾರು 120 ಕಿಲೋಮೀಟರ್ ದೂರ. ನಂದಿಯ ಲೆಕ್ಕದಲ್ಲಿ ಇದು ಎಂಟು ಸಲ ಹತ್ತಿದಂತೆ.

ನಿಮ್ಮ ವೇಗ ಗಂಟೆಗೆ 600 ಮೀಟರ್ ಏರು. ಅದನ್ನು ದಿನವಿಡೀ ಉಳಿಸಿಕೊಂಡರೂ ಬರೀ ಹತ್ತುವುದಕ್ಕೆ ಸುಮಾರು ಆರು ಗಂಟೆ ಬೇಕು. ಆದರೆ ಉಳಿಯುವುದಿಲ್ಲ. ನಂದಿಯಲ್ಲಿ ಮುಕ್ಕಾಲು ಗಂಟೆಯ ಬಳಿಕ ಮೇಲೆ ನಿಂತು ಕಾಫಿ ಕುಡಿಯುತ್ತೀರಿ. ಇಲ್ಲಿ ಆ ಹೊತ್ತಿಗೆ ಸುಸ್ಟೆನ್‌ನ ಮೂರರಲ್ಲಿ ಒಂದು ಭಾಗ ಮಾತ್ರ ಮುಗಿದಿರುತ್ತದೆ. ಎರಡು ಸಾವಿರ ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ಕಾಲಿನ ಶಕ್ತಿಯೂ ಸ್ವಲ್ಪ ಕುಗ್ಗುತ್ತದೆ. ಹತ್ತಲು ಏಳು ಗಂಟೆ, ಇಳಿಯಲು ಎರಡೂವರೆ, ಊಟ ಮತ್ತು ನೀರಿಗೆ ಒಂದೂವರೆ ಎಂದಿಟ್ಟುಕೊಂಡರೆ ಹನ್ನೊಂದು ಗಂಟೆಗಳ ದಿನ. ಅಸಾಧ್ಯವೇನಲ್ಲ, ಆದರೆ ತಪ್ಪಿಗೆ ಜಾಗವೇ ಉಳಿಯದ ದಿನ.

ಗೇರಿನ ಬಗ್ಗೆ ನನ್ನ ಮಾತು ಖಡಾಖಂಡಿತ. ಮುಂದೆ 34, ಹಿಂದೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 2.55 ಮೀಟರ್ ಮುಂದೆ ಸಾಗುತ್ತೀರಿ. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 52 ಸುತ್ತು. ಅಷ್ಟು ನಿಧಾನವಾಗಿ ತುಳಿದರೆ ಪ್ರತಿ ಸುತ್ತಿನ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಹಿಂದೆ 34 ಹಲ್ಲಿನ ಗೇರು ಹಾಕಿಸಿದರೆ ಅದೇ ವೇಗಕ್ಕೆ 63 ಸುತ್ತು. ನಿಮ್ಮ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 34ನ್ನು ತಾಳುತ್ತದೆಯೇ ಎಂದು ಹೊರಡುವ ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ ಬದಲಾಯಿಸಿಕೊಳ್ಳಿ.

ಮ್ಯೂನಿಕ್ ಸವಾರ

ಮೇಷ್ಟ್ರ ಲೆಕ್ಕ ಸರಿಯಾಗಿದೆ, ಆದರೆ ಅದರಿಂದ ಹೊರಡುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಿಂದ ಅಷ್ಟು ದೂರ ಬಂದು ಮೂರು ಘಟ್ಟಗಳ ಸುತ್ತನ್ನು ಬಿಟ್ಟು ಹೋದರೆ ಆ ಕೊರಗು ಉಳಿದೇ ಉಳಿಯುತ್ತದೆ. ನಾನು 49ನೆಯ ವಯಸ್ಸಿನಲ್ಲಿ ಮಾಡಿದ್ದೇನೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟು ಸಂಜೆ ಆರಕ್ಕೆ ಮುಗಿಸಿದೆ. ಇದರ ಗುಟ್ಟು ಸುಸ್ಟೆನ್‌ನಲ್ಲಿ ಆತುರಪಡದಿರುವುದು, ಅಷ್ಟೇ.

ದಿಕ್ಕಿನ ಬಗ್ಗೆ: ಸುಸ್ಟೆನ್ ಮೊದಲು, ಫುರ್ಕಾ ಕೊನೆಗೆ. ಹಾಗೆ ಹೋದರೆ ಉದ್ದನೆಯ ಎರಡು ಏರುಗಳು ಮೊದಲೇ ಮುಗಿಯುತ್ತವೆ, ಕೊನೆಗೆ ಉಳಿಯುವುದು ಹತ್ತು ಕಿಲೋಮೀಟರ್ ಮಾತ್ರ. ಗ್ಲೆಚ್‌ನಿಂದ ತಲೆಯೆತ್ತಿದರೆ ಫುರ್ಕಾದ ತಿರುವುಗಳೆಲ್ಲ ಒಂದೇ ನೋಟಕ್ಕೆ ಕಾಣುತ್ತವೆ. ಅತ್ತ ಗ್ರಿಮ್ಸೆಲ್‌ನ ತಿರುವುಗಳು, ಇತ್ತ ಫುರ್ಕಾದವು. ಆ ನೋಟಕ್ಕಾಗಿಯೇ ಈ ಸುತ್ತನ್ನು ಹಾಕಬೇಕು.

ಘಟ್ಟದವನು

ಮ್ಯೂನಿಕ್ ಅಣ್ಣ, ನಿಮ್ಮದು ಆಲ್ಪ್ಸ್‌ನ ಮಗ್ಗುಲಲ್ಲೇ ಇರುವ ಊರು. ನಿಮಗೆ ಹವೆ ಚೆನ್ನಾಗಿರುವ ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಆರೇ ದಿನಗಳಿಗೆ ಬರುವವರಿಗೆ ಅದಿಲ್ಲ. ಅಷ್ಟಲ್ಲದೆ ನೀವು ಹೇಳುವ ದಿಕ್ಕಿನಲ್ಲಿ ಮೂರರಲ್ಲಿ ಅತಿ ಎತ್ತರದ ಫುರ್ಕಾ ಸಂಜೆಗೆ ಸಿಗುತ್ತದೆ, ಜೂನ್–ಜುಲೈನಲ್ಲಿ ಸಿಡಿಲು ಬರುವುದೂ ಅದೇ ಹೊತ್ತಿಗೆ.

ನನಗಾದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಸುತ್ತಿಗೆ ಹೊರಟಿದ್ದೆ. ಇನರ್ಟ್‌ಕಿರ್ಷೆನ್‌ನಲ್ಲಿ ಹಗುರವಾದ ಅಂಗಿಯೂ ಬೆವರಿನಿಂದ ಒದ್ದೆಯಾಗುವಷ್ಟು ಸೆಕೆಯಿತ್ತು. ಗ್ರಿಮ್ಸೆಲ್‌ನ ಮೇಲಿನ ಅಣೆಕಟ್ಟು ದಾಟುವ ಹೊತ್ತಿಗೆ ಮೋಡ ಕವಿದು ಆಲಿಕಲ್ಲು ಸುರಿಯಿತು. ನನ್ನಲ್ಲಿದ್ದದ್ದು ಗಾಳಿ ತಡೆಯುವ ತೆಳುವಾದ ಕೋಟು ಮಾತ್ರ. ತುದಿಯಿಂದ ಗ್ಲೆಚ್‌ಗೆ ಇಳಿಯುವ ಆರು ಕಿಲೋಮೀಟರಿನಲ್ಲಿ ಬೆರಳುಗಳು ಮರಗಟ್ಟಿ ಬ್ರೇಕಿನ ಹಿಡಿಯನ್ನು ಅದುಮಲಾಗಲಿಲ್ಲ. ಅಂಗೈಯಿಂದ ಒತ್ತಿ ಹಿಡಿದು, ಪ್ರತಿ ತಿರುವಿನಲ್ಲೂ ಕಾಲು ಊರಿ ಇಳಿದೆ. ಫುರ್ಕಾ ಹತ್ತುವ ಮಾತೇ ಇರಲಿಲ್ಲ. ಹಾಗೆಯೇ ಕೆಳಗೆ ಓಬರ್‌ವಾಲ್ಡ್‌ಗೆ ಜಾರಿ, ರೈಲಿನಲ್ಲಿ ಕುಳಿತು, ಅರ್ಧ ಗಂಟೆ ನಡುಗಿದೆ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಓದಿ ತಿಳಿದಿದ್ದೆ. ಒದ್ದೆ ಮೈಯಲ್ಲಿ ಇಳಿಜಾರಿನ ಗಾಳಿಗೆ ಅದು ಎಷ್ಟಾಗುತ್ತದೆ ಎಂದು ಆ ದಿನವೇ ಗೊತ್ತಾಯಿತು.

ನಂದಿತಪ್ಪಲು ಅವರೇ, ಉದ್ದ ಬೆರಳಿನ ಕೈಗವಸು, ಮಳೆಗೆ ನಿಜವಾಗಿ ತಡೆಯುವ ಕೋಟು, ಒಂದು ಒಣ ಬನಿಯನ್, ಈ ಮೂರನ್ನು ಬೆಂಗಳೂರಿನಿಂದಲೇ ತನ್ನಿ. ತುದಿ ತಲುಪಿದ ಕೂಡಲೇ ಬನಿಯನ್ ಬದಲಿಸಿ ಇಳಿಯಿರಿ.

ನಂದಿತಪ್ಪಲು

ಓಬರ್‌ವಾಲ್ಡ್‌ನಿಂದ ರೈಲು ಎಂದಿರಿ. ಅದು ಎಲ್ಲಿಗೆ ಹೋಗುತ್ತದೆ? ಸೈಕಲ್ಲಿಗೆ ಅವಕಾಶವಿದೆಯೇ?

ಬರ್ನ್ ಓರಗೆ

ಇದೆ. ಓಬರ್‌ವಾಲ್ಡ್‌ನಿಂದ ರಿಯಾಲ್ಪ್‌ಗೆ ಫುರ್ಕಾ ಬೆಟ್ಟದ ಬುಡದಲ್ಲೇ ಸುರಂಗವಿದೆ. 1982ರಲ್ಲಿ ತೆರೆದದ್ದು, ಹದಿನೈದು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ, ವರ್ಷವಿಡೀ ರೈಲು ಓಡುತ್ತದೆ. ರಿಯಾಲ್ಪ್‌ನಿಂದ ಆಂಡರ್ಮಾಟ್‌ಗೆ ಹತ್ತು ಕಿಲೋಮೀಟರಿನೊಳಗೆ, ಇಳಿಮುಖದ ದಾರಿ. ಹಾಗಾಗಿ ಗ್ಲೆಚ್‌ವರೆಗೆ ಬಂದವರು ಸಿಕ್ಕಿಬೀಳುವುದಿಲ್ಲ. ಆದರೆ ಸುಸ್ಟೆನ್ ಇಳಿದು ಇನರ್ಟ್‌ಕಿರ್ಷೆನ್‌ನಲ್ಲಿ ದಣಿದುಹೋದರೆ ಆಂಡರ್ಮಾಟ್‌ಗೆ ಮರಳಲು ರೈಲಿನಲ್ಲಿ ದೊಡ್ಡ ಸುತ್ತು ಹಾಕಬೇಕಾಗುತ್ತದೆ. ಯಾವ ದಿಕ್ಕು ಎಂದು ತೀರ್ಮಾನಿಸುವ ಮೊದಲು, ಎಲ್ಲಿಂದ ಮನೆಗೆ ಮರಳಬಹುದು ಎಂದು ನೋಡುವುದು ಒಳ್ಳೆಯದು.

ಇನ್ನು ನಿಮ್ಮ ಬ್ರೀನ್ಸ್ ದಿನದ ಬಗ್ಗೆ ನನಗೊಂದು ಸಲಹೆಯಿದೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ದೇಶದಲ್ಲಿ ನನಗೆ ಅತಿ ಪ್ರಿಯವಾದ ಸುತ್ತು ಅದು. ಮೈರಿಂಗೆನ್‌ನಿಂದ ಗ್ರೋಸೆ ಶೈಡೆಗ್ ಎಂಬ 1962 ಮೀಟರಿನ ಘಟ್ಟವಿದೆ. ಮೇಲ್ಭಾಗದ ರಸ್ತೆಗೆ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಹಳದಿ ಬಣ್ಣದ ಅಂಚೆ ಬಸ್ಸು, ಸೈಕಲ್ಲು, ಹಸುಗಳು ಮಾತ್ರ. ಹದಿನಾರು ಕಿಲೋಮೀಟರಿನಲ್ಲಿ ಸುಮಾರು 1370 ಮೀಟರ್ ಏರು, ಕಡಿದಾದದ್ದೇ ಹೌದು. ರೋಸೆನ್‌ಲಾವಿ ದಾಟಿದ ಮೇಲೆ ಕಾಡು ತೆರೆದು ವೆಟರ್‌ಹಾರ್ನ್ ಶಿಖರದ ಬಂಡೆ ನೆತ್ತಿಯ ಮೇಲೆ ನಿಂತಂತೆ ಕಾಣುತ್ತದೆ, ಘಟ್ಟದ ತುದಿಯಲ್ಲಿ ಐಗರ್ ಶಿಖರ ಎದುರಾಗುತ್ತದೆ. ಆಚೆ ಗ್ರಿಂಡೆಲ್‌ವಾಲ್ಡ್‌ಗೆ ಇಳಿದು, ಇಂಟರ್‌ಲಾಕೆನ್‌ಗೆ ಬಂದು, ಬ್ರೀನ್ಸ್ ಸರೋವರದ ಉತ್ತರ ದಡದಲ್ಲಿ ರಿಂಗೆನ್‌ಬರ್ಗ್, ಓಬರ್‌ರೀಡ್ ಊರುಗಳ ಮೂಲಕ ಮೈರಿಂಗೆನ್‌ಗೆ ಮರಳಬಹುದು. ಎಲ್ಲ ಸೇರಿ 80 ಕಿಲೋಮೀಟರಿನ ಆಸುಪಾಸು.

ಆ ಉತ್ತರ ದಡದ ರಸ್ತೆ ಏಕೆ ಹಿತವೆಂದರೆ, ಹೆದ್ದಾರಿ ದಕ್ಷಿಣದ ದಡದಲ್ಲಿ ಹೋಗುತ್ತದೆ. ಲಾರಿಗಳಿಗೆ ಬೇರೆ ದಾರಿಯಿರುವ ದಡವನ್ನೇ ಆರಿಸಿಕೊಳ್ಳಬೇಕು.

ಲ್ಯೂಸರ್ನ್ ಕನ್ನಡತಿ

ಬರ್ನ್ ಅವರ ಕೊನೆಯ ಮಾತನ್ನು ಎಲ್ಲರೂ ಗಮನಿಸಬೇಕು. ನಮ್ಮವರು ಇಲ್ಲಿಗೆ ಬಂದಾಗಲೆಲ್ಲ ಸರೋವರ ಎಂದರೆ ಸಮತಟ್ಟು, ಸಮತಟ್ಟು ಎಂದರೆ ವಿಶ್ರಾಂತಿ, ಘಟ್ಟ ಎಂದರೆ ಅಪಾಯ ಎಂದು ಭಾವಿಸುತ್ತಾರೆ. ನನ್ನ ಅನುಭವ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಕಣಿವೆಯ ತಳದಲ್ಲಿ ಜಾಗ ಕಡಿಮೆ. ಸರೋವರವೇ ಅದನ್ನೆಲ್ಲ ಆಕ್ರಮಿಸಿಕೊಂಡ ಮೇಲೆ ಉಳಿದ ಕಿರಿದಾದ ದಂಡೆಯಲ್ಲಿ ರೈಲು, ಲಾರಿ, ಊರಿನ ಜನ, ಪ್ರವಾಸಿಗರು ಎಲ್ಲರೂ ಸಾಗಬೇಕು. ಘಟ್ಟದ ಮೇಲಾದರೋ ಸರಕು ಸಾಗಣೆಯೆಲ್ಲ ಸುರಂಗಕ್ಕೆ ಇಳಿದುಹೋಗಿದೆ. ಗೊಥಾರ್ಡ್‌ನ ರಸ್ತೆ ಸುರಂಗ 1980ರಲ್ಲಿ ತೆರೆದ ಮೇಲೆ ಹಳೆಯ ಘಟ್ಟದ ದಾರಿ ಹತ್ತುವವರಿಗೇ ಉಳಿಯಿತು.

ಮಿಲಾನೊ ಮೈಸೂರು

ಇಟಲಿಯ ಸರೋವರಗಳಿಗೂ ಈ ಮಾತು ಅನ್ವಯಿಸುತ್ತದೆ. ಕೋಮೊ ಸರೋವರದ ಪಶ್ಚಿಮ ದಡದ ರಸ್ತೆ ಬಹಳ ಕಿರಿದು. ಪೂರ್ವ ದಡದಲ್ಲಿ ವೇಗದ ವಾಹನಗಳೆಲ್ಲ ಸುರಂಗಗಳ ಹೆದ್ದಾರಿಗೆ ಹೋಗುವುದರಿಂದ, ವರೆನ್ನಾ, ಬೆಲ್ಲಾನೊ ಊರುಗಳನ್ನು ಪೋಣಿಸುವ ಹಳೆಯ ರಸ್ತೆ ಎಷ್ಟೋ ಮೇಲು. ಇಟಲಿಗೆ ಬರುವವರು ಒಂದು ನಿಯಮವನ್ನು ನೆನಪಿಡಬೇಕು: ಊರ ಹೊರಗಿನ ಸುರಂಗದಲ್ಲಿ ಸೈಕಲ್ ಓಡಿಸುವಾಗ ಬೆಳಕನ್ನು ಪ್ರತಿಫಲಿಸುವ ಮೇಲಂಗಿ ಕಡ್ಡಾಯ.

ಆರು ದಿನಗಳಲ್ಲಿ ಒಂದನ್ನು ಇತ್ತ ಕೊಡಬಹುದಾದರೆ ಬೆಲ್ಲಾಜೊದಿಂದ ಘಿಸಾಲ್ಲೊ ಹತ್ತಿ. ತುದಿ 754 ಮೀಟರ್ ಮಾತ್ರ, ಆದರೆ ಮೊದಲ ಕಿಲೋಮೀಟರುಗಳಲ್ಲಿ ಏರು ಶೇಕಡ 14ನ್ನು ಮುಟ್ಟುತ್ತದೆ. ಮೇಲೆ ಪುಟ್ಟ ಮೇರಿಮಾತೆಯ ಗುಡಿಯಿದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರು. ಗುಡಿಯೊಳಗಿನ ಗೋಡೆಗಳಲ್ಲಿ ಹರಕೆಯ ವಸ್ತುಗಳಂತೆ ಹೆಸರಾಂತ ಸ್ಪರ್ಧಿಗಳಾದ ಕೊಪ್ಪಿ, ಬಾರ್ತಾಲಿ, ಮರ್ಕ್ಸ್ ಅವರ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ನಮ್ಮೂರಿನ ಗುಡಿಗಳಲ್ಲಿ ಹರಕೆಯ ತೊಟ್ಟಿಲು, ಗಂಟೆಗಳನ್ನು ನೋಡಿ ಬೆಳೆದ ನನಗೆ ಅಲ್ಲಿ ನಿಂತಾಗ ಪರಕೀಯ ಎನ್ನಿಸಲೇ ಇಲ್ಲ. ಪಕ್ಕದಲ್ಲಿ 2006ರಲ್ಲಿ ತೆರೆದ ಸೈಕಲ್ ವಸ್ತುಸಂಗ್ರಹಾಲಯವೂ ಇದೆ.

ನಂದಿ ನಲವತ್ತು

ಇಟಲಿಗೆ ಹೋಗುವುದಾದರೆ ಸ್ಟೆಲ್ವಿಯೊವನ್ನೇ ಏಕೆ ಮಾಡಬಾರದು? ಆಲ್ಪ್ಸ್‌ನ ಅತಿ ಎತ್ತರದ ಘಟ್ಟದ ರಸ್ತೆ ಅದೇ ಅಲ್ಲವೇ?

ಮಿಲಾನೊ ಮೈಸೂರು

ಅತಿ ಎತ್ತರದ್ದಲ್ಲ. ಡಾಂಬರು ಹಾಕಿದ ಘಟ್ಟಗಳಲ್ಲಿ ಫ್ರಾನ್ಸಿನ ಇಸೆರಾನ್ ಅದಕ್ಕಿಂತ ಕೆಲವೇ ಮೀಟರ್ ಎತ್ತರವಾಗಿದೆ, ಸ್ಟೆಲ್ವಿಯೊ ಎರಡನೆಯದು. ಅದರ ಕೀರ್ತಿ ಎತ್ತರದಿಂದ ಬಂದದ್ದೂ ಅಲ್ಲ. 1820ರಿಂದ 1825ರ ನಡುವೆ ಎಂಜಿನಿಯರ್ ಕಾರ್ಲೊ ಡೊನೆಗಾನಿ ಕಟ್ಟಿಸಿದ ಆ ರಸ್ತೆ ಪ್ರಾಟೊ ಕಡೆಯಿಂದ 48 ತಿರುವುಗಳಲ್ಲಿ 1800 ಮೀಟರಿಗೂ ಮಿಗಿಲಾಗಿ ಏರುತ್ತದೆ. 1953ರಲ್ಲಿ ಇಟಲಿಯ ಗೀರೊ ಸೈಕಲ್ ಸ್ಪರ್ಧೆ ಮೊದಲ ಸಲ ಅಲ್ಲಿಗೆ ಹೋದಾಗ ಫೌಸ್ತೊ ಕೊಪ್ಪಿ ಸ್ವಿಸ್ ಸವಾರ ಹ್ಯೂಗೊ ಕೋಬ್ಲೆಟ್‌ನನ್ನು ಆ ಏರಿನಲ್ಲೇ ಹಿಂದೆ ಹಾಕಿದರು. ವರ್ಷಕ್ಕೊಂದು ದಿನ, ಬೇಸಿಗೆಯ ಕೊನೆಗೆ, ಮೋಟಾರು ವಾಹನಗಳನ್ನು ನಿಲ್ಲಿಸಿ ಇಡೀ ರಸ್ತೆಯನ್ನು ಸೈಕಲ್ಲುಗಳಿಗೆ ಬಿಟ್ಟುಕೊಡುತ್ತಾರೆ. ಆದರೆ ಲ್ಯೂಸರ್ನ್‌ನಿಂದ ಅಲ್ಲಿಗೆ ಹೋಗಿ ಬರುವುದಕ್ಕೇ ಎರಡು ದಿನ ಬೇಕು. ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಮ್ಯೂನಿಕ್ ಸವಾರ

ಎತ್ತರದ ಮಾತು ಬಂದದ್ದರಿಂದ ಸೇರಿಸುತ್ತೇನೆ: ಸ್ವಿಟ್ಜರ್‌ಲೆಂಡಿನಲ್ಲಿ ಅತಿ ಎತ್ತರದ್ದು ಫುರ್ಕಾ ಎಂದು ಹಲವರು ತಿಳಿದಿದ್ದಾರೆ. ಇಟಲಿಯ ಗಡಿಯಲ್ಲಿರುವ ಉಂಬ್ರೈಲ್ 2500 ಮೀಟರ್ ಮುಟ್ಟುತ್ತದೆ. ಪೂರ್ತಿಯಾಗಿ ದೇಶದೊಳಗೇ ಇರುವವುಗಳಲ್ಲಿ 2478 ಮೀಟರಿನ ನುಫೆನೆನ್ ಮೊದಲನೆಯದು, ಫುರ್ಕಾ ಅದರ ನಂತರದ್ದು.

ನಂದಿತಪ್ಪಲು

ಎಲ್ಲರಿಗೂ ಕೃತಜ್ಞತೆಗಳು. ಆಕ್ಸೆನ್ ರಸ್ತೆಯ ವಿಷಯ ತಿಳಿಯದೆ ಬಂದಿದ್ದರೆ ಮೊದಲ ದಿನವೇ ಅದರಲ್ಲಿ ಇಳಿಯುತ್ತಿದ್ದೆ. ಇನ್ನೂ ಮೂರು ಪ್ರಶ್ನೆಗಳಿವೆ. ನಂದಿಯನ್ನು ಇಳಿಯಲು ಹದಿನೈದು ನಿಮಿಷ ಸಾಕು, ಸುಸ್ಟೆನ್‌ನಿಂದ ಇಳಿಯುವುದು 28 ಕಿಲೋಮೀಟರ್. ನನ್ನದು ಚಕ್ರದ ಅಂಚನ್ನೇ ಅದುಮಿ ಹಿಡಿಯುವ ರಿಮ್ ಬ್ರೇಕು, ತಾಳುತ್ತದೆಯೇ? ನಾನು ಸಸ್ಯಾಹಾರಿ, ದಾರಿಯಲ್ಲಿ ಊಟಕ್ಕೆ ಏನು ಮಾಡಬೇಕು? ಟ್ರೆಮೋಲಾವನ್ನು ಯಾವ ಕಡೆಯಿಂದ ಹತ್ತಬೇಕು?

ಲೆಕ್ಕದ ಮೇಷ್ಟ್ರು

ಬ್ರೇಕಿನದ್ದು ನನಗಿರಲಿ. ನೀವು, ಸೈಕಲ್ಲು, ಚೀಲ ಸೇರಿ 85 ಕಿಲೋ ಎನ್ನೋಣ. 1600 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಅದರಲ್ಲಿ ಎಷ್ಟನ್ನು ಗಾಳಿ ತೆಗೆದುಕೊಳ್ಳುತ್ತದೆ, ಎಷ್ಟನ್ನು ರಿಮ್ ತೆಗೆದುಕೊಳ್ಳುತ್ತದೆ ಎನ್ನುವುದು ನೀವು ಇಳಿಯುವ ರೀತಿಯನ್ನು ಅವಲಂಬಿಸಿದೆ. ಹೆದರಿಕೊಂಡು ಉದ್ದಕ್ಕೂ ಬ್ರೇಕನ್ನು ಅರ್ಧ ಹಿಡಿದು ನಿಧಾನವಾಗಿ ಇಳಿದರೆ ಗಾಳಿಯ ಪಾಲು ಕಡಿಮೆಯಾಗಿ ಬಹುಪಾಲು ಶಾಖ ರಿಮ್ಮಿಗೇ ಹೋಗುತ್ತದೆ, ಅದು ಆರುವುದಕ್ಕೆ ಬಿಡುವೂ ಸಿಗುವುದಿಲ್ಲ. ನೇರ ರಸ್ತೆಯಲ್ಲಿ ಬಿಡಬೇಕು, ತಿರುವಿಗೆ ಮೊದಲು ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಮತ್ತೆ ಬಿಡಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ನೋಡಿ ನಿಂತರೆ ರಿಮ್ಮೂ ತಣಿಯುತ್ತದೆ, ಕತ್ತಿಗೂ ವಿಶ್ರಾಂತಿ. ಅಲ್ಯೂಮಿನಿಯಂ ರಿಮ್ ಆದರೆ ಚಿಂತೆಯಿಲ್ಲ. ಕಾರ್ಬನ್ ರಿಮ್ ಇದ್ದರೆ ಈ ಪ್ರವಾಸಕ್ಕೆ ಅದನ್ನು ತರಬೇಡಿ. ಬ್ರೇಕಿನ ರಬ್ಬರನ್ನು ಹೊಸದು ಹಾಕಿಸಿ, ಒಂದು ಜೊತೆಯನ್ನು ಚೀಲದಲ್ಲಿಡಿ.

ಧಾರವಾಡದ ಅಕ್ಕ

ಊಟದ ವಿಚಾರ ನಾನು ಹೇಳುತ್ತೇನೆ, ಜ್ಯೂರಿಕ್‌ನಲ್ಲಿದ್ದು ಎರಡು ಮಕ್ಕಳನ್ನೂ ಗಂಡನನ್ನೂ ಇದೇ ರೀತಿ ಸವಾರಿಗೆ ಕಳುಹಿಸುತ್ತೇನೆ. ಘಟ್ಟದ ಮೇಲಿನ ಹೋಟೆಲುಗಳಲ್ಲಿ ಸಸ್ಯಾಹಾರವೆಂದರೆ ಚೀಸು, ಆಲೂಗಡ್ಡೆ, ಬ್ರೆಡ್ಡು. ಅವು ಹೊಟ್ಟೆ ತುಂಬಿಸುತ್ತವೆ, ಆದರೆ ತಿಂದ ಮೇಲೆ ಇನ್ನೊಂದು ಘಟ್ಟ ಹತ್ತಲಾಗುವುದಿಲ್ಲ. ತಂಗಿಯ ಮನೆಯಿಂದ ಚಪಾತಿಗೆ ಶೇಂಗಾ ಚಟ್ನಿಪುಡಿ, ಬೆಲ್ಲ, ತುಪ್ಪ ಹಚ್ಚಿ ಸುರುಳಿ ಸುತ್ತಿಸಿಕೊಂಡು ಅಂಗಿಯ ಹಿಂದಿನ ಜೇಬಿನಲ್ಲಿಡಿ. ನನ್ನ ಮಕ್ಕಳು ಅಂಗಡಿಯ ಪೊಟ್ಟಣದ ಜೆಲ್ಲುಗಳನ್ನು ಬಿಟ್ಟು ಇದನ್ನೇ ಒಯ್ಯುತ್ತಾರೆ. ಹಸಿವಾಗುವ ಮೊದಲೇ, ಗಂಟೆಗೊಮ್ಮೆ ತಿನ್ನಬೇಕು.

ನೀರಿಗೆ ಕೊರತೆಯಿಲ್ಲ, ಪ್ರತಿ ಊರಿನಲ್ಲೂ ಕಲ್ಲಿನ ತೊಟ್ಟಿಗೆ ಸದಾ ನೀರು ಬೀಳುತ್ತಿರುತ್ತದೆ. 'ಕೈನ್ ಟ್ರಿಂಕ್‌ವಾಸರ್' ಎಂಬ ಫಲಕವಿದ್ದರೆ ಅದು ಕುಡಿಯುವ ನೀರಲ್ಲ ಎಂದರ್ಥ. ಭಾನುವಾರ ಊರಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡುಕೊಳ್ಳಿ.

ಬರ್ನ್ ಓರಗೆ

ಟ್ರೆಮೋಲಾವನ್ನು ದಕ್ಷಿಣದ ಐರೋಲೊ ಕಡೆಯಿಂದ ಹತ್ತಬೇಕು, ಅದರಲ್ಲಿ ಇಳಿಯಬಾರದು. 24 ತಿರುವುಗಳ ಆ ಭಾಗಕ್ಕೆ ಇಂದಿಗೂ ಕಲ್ಲು ಹಾಸಿದೆ. ಹತ್ತುವಾಗ ನಿಧಾನವಾಗಿರುವುದರಿಂದ ಕಲ್ಲಿನ ಕುಲುಕಾಟ ತಡೆದುಕೊಳ್ಳುವಂತಿರುತ್ತದೆ, ಇಳಿಯುವಾಗ ಕೈಗಳು ಸೋತುಹೋಗುತ್ತವೆ. ಲ್ಯೂಸರ್ನ್‌ನಿಂದ ಗೋಶೆನೆನ್ ದಾರಿಯ ರೈಲು ಹತ್ತಿ, 1882ರ ಹಳೆಯ ಸುರಂಗದ ಮೂಲಕ ಐರೋಲೊದಲ್ಲಿ ಇಳಿದು, 1175 ಮೀಟರಿನಿಂದ 2106 ಮೀಟರಿಗೆ ಹತ್ತಿ, ಹೊಸ್ಪೆಂಟಾಲ್, ಆಂಡರ್ಮಾಟ್, ಶೆಲೆನೆನ್ ಕಮರಿಯ ಮೂಲಕ ಗೋಶೆನೆನ್‌ಗೆ ಬನ್ನಿ. 2016ರ ಹೊಸ 57 ಕಿಲೋಮೀಟರಿನ ಸುರಂಗದ ರೈಲು ಈ ಊರುಗಳಲ್ಲಿ ನಿಲ್ಲುವುದಿಲ್ಲ, ಹತ್ತುವಾಗ ನೋಡಿಕೊಳ್ಳಿ. ಇಂಟರ್‌ಸಿಟಿ ರೈಲುಗಳಲ್ಲಿ ಸೈಕಲ್ಲಿಗೆ ಟಿಕೆಟಿನ ಜೊತೆ ಸ್ಥಳವನ್ನೂ ಕಾಯ್ದಿರಿಸಬೇಕಾಗಬಹುದು.

ಘಟ್ಟದ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಕಂಡರೆ ಅಂಚೆ ಬಸ್ಸಿಗೆ ಅಲ್ಲಿ ಮೊದಲ ಹಕ್ಕು. ತಿರುವಿನ ಆಚೆಯಿಂದ ಮೂರು ಸ್ವರಗಳ ಹಾರ್ನ್ ಕೇಳಿಸಿದ ಕೂಡಲೇ ಅಂಚಿಗೆ ಸರಿದು ನಿಲ್ಲಿ. ಚಾಲಕ ಕೈಸನ್ನೆ ಮಾಡಿದರೆ ಅದರಂತೆ ನಡೆಯಬೇಕು. ತುರ್ತಿಗೆ 112, ಹೆಲಿಕಾಪ್ಟರ್ ರಕ್ಷಣೆಗೆ 1414 ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಂದಿ ನಲವತ್ತು

ಜೂನ್ ಕೊನೆಗೆ ಹಿಮ ಕರಗಿ ದಾರಿ ತೆರೆದಿರುತ್ತದೆಯೇ?

ಲ್ಯೂಸರ್ನ್ ಕನ್ನಡತಿ

ಸಾಮಾನ್ಯವಾಗಿ ಮೇ ಕೊನೆ ಮತ್ತು ಜೂನ್ ಮಧ್ಯದ ನಡುವೆ ಒಂದೊಂದಾಗಿ ತೆರೆಯುತ್ತವೆ. ಜೂನ್ ಕೊನೆಯಲ್ಲಿ ರಸ್ತೆಯ ಎರಡೂ ಬದಿ ಹಿಮದ ಗೋಡೆ ಇನ್ನೂ ಇರಬಹುದು. ಆದರೂ ಹೊಸದಾಗಿ ಹಿಮ ಬಿದ್ದು ಒಂದೆರಡು ದಿನ ಮುಚ್ಚುವುದುಂಟು. ಘಟ್ಟದ ಬುಡದಲ್ಲೇ ದೊಡ್ಡ ಫಲಕವಿರುತ್ತದೆ, ತೆರೆದಿದೆಯೇ ಮುಚ್ಚಿದೆಯೇ ಎಂದು ಅದರಲ್ಲಿ ಕಾಣುತ್ತದೆ.

ವಾರಾಂತ್ಯದ ಬಗ್ಗೆ ಯಾರೂ ಹೇಳಲಿಲ್ಲ. ಹವೆ ಚೆನ್ನಾಗಿರುವ ಶನಿವಾರ, ಭಾನುವಾರಗಳಲ್ಲಿ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರರಲ್ಲೂ ಮೋಟಾರ್ ಬೈಕುಗಳ ಸಾಲು ನಿಲ್ಲುವುದೇ ಇಲ್ಲ. ಅವುಗಳನ್ನು ವಾರದ ನಡುವೆ ಹತ್ತಿ. ಪ್ರಾಗೆಲ್ ಮಾತ್ರ ಇದಕ್ಕೆ ತದ್ವಿರುದ್ಧ: ಗ್ಲಾರುಸ್ ಕಡೆಯ ಒಂದು ಭಾಗವನ್ನು ಶನಿವಾರ, ಭಾನುವಾರ ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಮುವೊಟಟಾಲ್‌ನಿಂದ 1550 ಮೀಟರಿಗೆ ಹತ್ತಿ, ಆಚೆ ಕ್ಲೋನ್‌ಟಾಲ್ ಸರೋವರಕ್ಕೆ ಇಳಿಯುವಾಗ ನಿಮ್ಮ ಟೈರಿನ ಸದ್ದು ನಿಮಗೇ ಕೇಳಿಸುತ್ತದೆ. ಏರು ಕೆಲವೆಡೆ ಶೇಕಡ 15ನ್ನೂ ಮೀರುತ್ತದೆ. ಸರೋವರದ ದಡದಲ್ಲಿ ವಿಶ್ರಾಂತಿ ಬೇಕೆಂದಿರಲ್ಲ, ಅದು ಇಲ್ಲಿ ನಿಜವಾಗಿ ಸಿಗುತ್ತದೆ.

ಘಟ್ಟದವನು

ಗ್ರಿಮ್ಸೆಲ್‌ನ ಸುರಂಗಗಳ ಬಳಿ ಹಳೆಯ ರಸ್ತೆಯನ್ನು ಸೈಕಲ್ಲುಗಳಿಗೆಂದು ಉಳಿಸಿದ್ದಾರೆ, ಫಲಕ ನೋಡಿ ಅದನ್ನೇ ಹಿಡಿಯಿರಿ. ಮೇಲಿನ ಸರೋವರಗಳು ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಹಿಮನದಿ ಬಂಡೆಯನ್ನು ಅರೆದ ಪುಡಿ ಕರಗದೆ ತೇಲುವುದರಿಂದ ನೀರಿಗೆ ಹಾಲು ಬೆರೆಸಿದ ಹಸಿರು ಬಣ್ಣ ಬಂದಿದೆ.

ಫುರ್ಕಾ ಹತ್ತುವವರು ಹಳೆಯ ಬೆಲ್ವೆಡೇರ್ ಹೋಟೆಲಿನ ತಿರುವಿನಲ್ಲಿ ನಿಲ್ಲಬೇಕು. ಪಕ್ಕದಲ್ಲೇ ರೋನ್ ಹಿಮನದಿ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅದು ಕೆಳಗೆ ಗ್ಲೆಚ್‌ನ ಕಣಿವೆಯವರೆಗೂ ಚಾಚಿತ್ತು. ಈಗ ಮೇಲಕ್ಕೆ ಹಿಂಜರಿದಿದೆ, ಬೇಸಿಗೆಯಲ್ಲಿ ಅದರ ಅಂಚಿಗೆ ಬಿಳಿಯ ಬಟ್ಟೆ ಹೊದಿಸಿರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಮಾತು ಹೊರಡಲಿಲ್ಲ.

ನಂದಿತಪ್ಪಲು

ನಿಮ್ಮೆಲ್ಲರ ಮಾತನ್ನು ಓದಿ ತಂಗಿಯ ಜೊತೆಗೂ ಚರ್ಚಿಸಿ ಯೋಜನೆಯನ್ನು ಬದಲಿಸಿದ್ದೇನೆ. ಶನಿವಾರ ರೈಲಿನಲ್ಲಿ ಶ್ವೀಜ್‌ಗೆ ಬಂದು ಪ್ರಾಗೆಲ್ ಹತ್ತಿ ಕ್ಲೋನ್‌ಟಾಲ್ ಸರೋವರ. ಭಾನುವಾರ ಬೆಕೆನ್‌ರೀಡ್, ದೋಣಿ, ಗೆರ್ಸಾವ್, ಬ್ರುನ್ನೆನ್, ಮತ್ತೆ ದೋಣಿ; ಅದು ವಿಶ್ರಾಂತಿ. ಸೋಮವಾರ ಐರೋಲೊದಿಂದ ಟ್ರೆಮೋಲಾ. ಮಂಗಳವಾರ ವಾಸೆನ್‌ನಿಂದ ಸುಸ್ಟೆನ್ ಒಂದನ್ನೇ ದಾಟಿ ಮೈರಿಂಗೆನ್‌ನಲ್ಲಿ ತಂಗುವುದು. ಬುಧವಾರ ಗ್ರೋಸೆ ಶೈಡೆಗ್ ಮತ್ತು ಬ್ರೀನ್ಸ್ ಸರೋವರದ ಉತ್ತರ ದಡ. ಗುರುವಾರ ಗ್ರಿಮ್ಸೆಲ್ ಮತ್ತು, ಹವೆ ಅನುಮತಿಸಿದರೆ, ಫುರ್ಕಾ. ಮೂರೂ ಘಟ್ಟಗಳು ಉಳಿದಿವೆ, ಒಂದೇ ದಿನದಲ್ಲಿ ಇಲ್ಲ ಅಷ್ಟೇ. ಕ್ಲೌಸೆನ್‌ನನ್ನು ಬಿಟ್ಟಿದ್ದೇನೆ. 34 ಹಲ್ಲಿನ ಗೇರಿಗೆ ನಿನ್ನೆಯೇ ಹೇಳಿ ಬಂದಿದ್ದೇನೆ.

ಮ್ಯೂನಿಕ್ ಸವಾರ

ಬಿಡಿ ಬಿಡಿಯಾಗಿ ಹತ್ತಿದರೆ ಸುತ್ತು ಮುಗಿಸಿದ ತೃಪ್ತಿ ಸಿಗುವುದಿಲ್ಲ ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಆದರೆ ನಿಮ್ಮ ಗುರುವಾರವನ್ನು ನೋಡಿದರೆ ನನಗೇ ಹೊರಡಬೇಕೆನಿಸುತ್ತಿದೆ.

ಲೆಕ್ಕದ ಮೇಷ್ಟ್ರು

ಕ್ಲೌಸೆನ್ ಬಿಟ್ಟದ್ದು ಸರಿಯಾದ ನಿರ್ಧಾರ. ಗುರುವಾರದ ಏರು 2200 ಮೀಟರಿನ ಸುತ್ತಮುತ್ತ, ಹಿಂದಿನ ದಿನದ ಶೈಡೆಗ್ ಕಾಲಿನಲ್ಲಿ ಇನ್ನೂ ಇರುತ್ತದೆ, ಹಾಗಾಗಿ ಬುಧವಾರ ಸಂಜೆ ಬೇಗ ಮಲಗಿ.

ಘಟ್ಟದವನು

ಗುರುವಾರ ಮೈರಿಂಗೆನ್‌ನಿಂದ ಆರೂವರೆಗೆ ಹೊರಡಿ. ಗ್ರಿಮ್ಸೆಲ್ ತುದಿಯ ಟೋಟೆನ್ ಕೊಳದ ಹತ್ತಿರ ಹನ್ನೊಂದರೊಳಗೆ ತಲುಪಿ, ಪಶ್ಚಿಮದ ಆಕಾಶ ತಿಳಿಯಾಗಿದ್ದರೆ ಫುರ್ಕಾ ಹತ್ತಿ. ಹೊತ್ತು ಮಧ್ಯಾಹ್ನ ಒಂದು ಗಂಟೆ ದಾಟಿದ್ದರೆ, ಅಥವಾ ಮೋಡ ಎದ್ದಿದ್ದರೆ, ಬನಿಯನ್ ಬದಲಿಸಿಕೊಂಡು ನೇರವಾಗಿ ಓಬರ್‌ವಾಲ್ಡ್‌ಗೆ ಇಳಿದು ರೈಲು ಹಿಡಿಯಿರಿ. ಬಂದ ಮೇಲೆ ಯಾವುದಾಯಿತು ಎಂದು ಇಲ್ಲೇ ಬರೆಯಿರಿ.